ಬೇಡವೆನ್ನಲಾಗದ ಚಹಾ

ದಿಗ್ಗೇವಾಡಿಯ ಸುಗಂಧಾಳಿಗೆ ಈ ದಣಿವು ಯಾವಾಗ ಶುರುವಾಯಿತೆಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ನಲವತ್ತೊಂದು ವರ್ಷದ ಹೆಂಗಸು, ಹದಿಮೂರು ವರ್ಷಗಳಿಂದ ಊರಿನ ಆಶಾ ಕಾರ್ಯಕರ್ತೆ. ಇನ್ನೂರಕ್ಕೂ ಮಿಕ್ಕಿದ ಮನೆಗಳ ಬಸುರಿ ಬಾಣಂತಿಯರು, ಕೂಸುಗಳ ಚುಚ್ಚುಮದ್ದು, ಮುದುಕರ ಬಿ.ಪಿ. ಗುಳಿಗೆ ಎಲ್ಲವೂ ಅವಳ ತಲೆಯ ಮೇಲೆ. ದಣಿಯದೆ ಇದ್ದರೆ ಹೇಗೆ? ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಕಾಲಲ್ಲಿ ಮರಳು ತುಂಬಿದಂತಿರುತ್ತಿತ್ತು. ಮಧ್ಯಾಹ್ನ ಉಂಡ ಮೇಲಂತೂ ಕುಳಿತಲ್ಲೇ ಕಣ್ಣು ಮುಚ್ಚಿಬರುತ್ತಿತ್ತು. ಒಂದೆರಡು ಸಲ ಅಂಗನವಾಡಿಯ ಗೋಡೆಗೆ ಒರಗಿ, ಕೂಸುಗಳ ತೂಕದ ಪುಸ್ತಕ ಕೈಯಲ್ಲಿ ಹಿಡಿದೇ ಗೊರಕೆ ಹೊಡೆದಿದ್ದಳು. ಎಚ್ಚರಾಗಿ ಅರ್ಧ ತಾಸಿಗೆ ಮತ್ತೆ ಹಸಿವು. ಹಸಿವಾದಾಗ ಚಹಾ.

ಅವಳ ಗಂಡ ರಾವಸಾಹೇಬ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸಗಾರ. ಕಬ್ಬು ಅರೆಯುವ ನಾಲ್ಕೈದು ತಿಂಗಳು ಪಾಳಿಯ ಮೇಲೆ ಹೋಗುತ್ತಿದ್ದ, ಉಳಿದ ತಿಂಗಳು ಯಾರದಾದರೂ ಟ್ರ್ಯಾಕ್ಟರು ಹೊಡೆಯುತ್ತಿದ್ದ. ಒಬ್ಬಳೇ ಮಗಳು ನೀಲಮ, ಹದಿನೇಳು ತುಂಬಿದವಳು, ದಿನವೂ ಬಸ್ಸು ಹಿಡಿದು ರಾಯಬಾಗದ ಕಾಲೇಜಿಗೆ ಹೋಗುತ್ತಿದ್ದಳು. ಹೊರಕೋಣೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಬಾಬಾಸಾಹೇಬರ ಪಟ, ಅವೆರಡರ ಕೆಳಗೆ ಸುಗಂಧಾಳ ಔಷಧಿ ಚೀಲ ತೂಗುಹಾಕುವ ಮೊಳೆ. ಚೀಲ ಆ ಮೊಳೆಯ ಮೇಲೆ ಇರುತ್ತಿದ್ದುದು ಕಡಿಮೆ.

ದಿನಕ್ಕೆ ಎಷ್ಟು ಚಹಾ ಕುಡಿಯುತ್ತೇನೆಂದು ಅವಳು ಎಂದೂ ಎಣಿಸಿರಲಿಲ್ಲ. ಹೋದ ಮನೆಗೊಂದು. ಇದು ಕಬ್ಬಿನ ಸೀಮೆ. ಇಲ್ಲಿ ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಆ ಮನೆಯವರ ಕೈ ಬಿಗಿಯೆಂದು ಊರು ಆಡಿಕೊಳ್ಳುತ್ತದೆ. ತುಟಿಗೆ ಅಂಟುವಂಥ ಚಹಾ, ಜೊತೆಗೆ ಎರಡು ಬಿಸ್ಕಿಟು. ಬೇಡವೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ.

ಸುಗಂಧಾಳಿಗೆ ಬೇಡವೆನ್ನಲು ಇನ್ನೂ ಒಂದು ತೊಡಕಿತ್ತು. ಅವಳ ಅತ್ತೆ ಊರ ಕಸ್ತೂರೆವ್ವನ ಹೊಲದಲ್ಲಿ ಮೂವತ್ತು ವರ್ಷ ಕಬ್ಬಿನ ಕಳೆ ತೆಗೆದವಳು. ಕೃಷ್ಣೆಯ ದಂಡೆಗೆ ಹದಿನೆಂಟು ಎಕರೆ ಕಬ್ಬು, ಮೇಲಿನ ಮಡ್ಡಿ ನೆಲಕ್ಕೆ ದ್ರಾಕ್ಷಿ ಇದ್ದ ಮನೆತನ ಅದು. ಅತ್ತೆಯ ಪಾಲಿನ ಚಹಾಕ್ಕೆಂದು ದನದ ಕೊಟ್ಟಿಗೆಯ ಗೂಡಿನಲ್ಲಿ ಹಿಡಿಕೆ ಮುರಿದ ಒಂದು ಕಪ್ಪು ಇರುತ್ತಿತ್ತು. ಮೇಲಿನಿಂದ ಸುರಿಯುತ್ತಿದ್ದರು, ಕುಡಿದು, ತಾನೇ ತೊಳೆದು, ಅಲ್ಲಿಯೇ ಇಟ್ಟು ಬರಬೇಕು. ಸುಗಂಧಾ ಆಶಾ ಆದ ಮೊದಲ ವರ್ಷಗಳಲ್ಲಿ ಆ ಮನೆಯ ಕಟ್ಟೆಯ ಕೆಳಗೆ ನಿಂತೇ ಹೆಸರು ಬರೆದುಕೊಂಡು ಬರುತ್ತಿದ್ದಳು. ಒಮ್ಮೆ ಕಸ್ತೂರೆವ್ವ ಬಿ.ಪಿ. ಏರಿ ಹಿತ್ತಲಲ್ಲಿ ಬಿದ್ದಾಗ, ಮನೆಯ ಗಂಡಸರು ಯಾರೂ ಇಲ್ಲದಿರಲು, ಸುಗಂಧಾಳೇ ಅಂಬುಲೆನ್ಸ್ ಕರೆಸಿ, ತನ್ನ ತೊಡೆಯ ಮೇಲೆ ಆಕೆಯ ತಲೆಯಿಟ್ಟುಕೊಂಡು ರಾಯಬಾಗಕ್ಕೆ ಒಯ್ದಿದ್ದಳು. ಅದಾದ ಹದಿನೈದು ದಿನಕ್ಕೆ ಕಸ್ತೂರೆವ್ವ ಅವಳನ್ನು ಒಳಗೆ ಕರೆದು, ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ, ಮನೆಯವರೇ ಕುಡಿಯುವ ಕಪ್ಪಿನಲ್ಲಿ, ಕೆಳಗೆ ಬಶಿ ಇಟ್ಟು, ಚಹಾ ಕೊಟ್ಟಳು.

ಸುಗಂಧಾ ಮನೆಗೆ ಬಂದು ಅದನ್ನು ಅತ್ತೆಗೆ ಹೇಳಿದಳು. ಮುದುಕಿ ಕೇಳಿದಳು: "ಬಶಿ ಸೈತ ಕೊಟ್ಳೇನು?"

ಆ ಮಾತು ಕೇಳಿದ ಮೇಲೆ ಊರಿನ ಯಾವ ಮನೆಯ ಚಹಾವನ್ನೂ ಒಲ್ಲೆನೆಂದು ಹೇಳುವುದು ಸುಗಂಧಾಳಿಗೆ ಆಗದ ಮಾತಾಯಿತು. ಅತ್ತೆ ತೀರಿಕೊಂಡು ಐದು ವರ್ಷವಾಗಿದ್ದರೂ ಆಗದ ಮಾತೇ.

ಜುಲೈ ತಿಂಗಳಲ್ಲಿ ಆರೋಗ್ಯ ಕೇಂದ್ರದಲ್ಲಿ ಆಶಾಗಳಿಗೆ ಒಂದು ತರಬೇತಿ ಇಟ್ಟಿದ್ದರು. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಫಾರ್ಮು ತುಂಬಬೇಕು: ವಯಸ್ಸು, ತಂಬಾಕು, ಮನೆತನದಲ್ಲಿ ಸಕ್ಕರೆ ಕಾಯಿಲೆ, ಸೊಂಟದ ಸುತ್ತಳತೆ. ಅಂಕ ನಾಲ್ಕು ದಾಟಿದವರನ್ನು ಪರೀಕ್ಷೆಗೆ ಕಳಿಸಬೇಕು. ಸುಗಂಧಾ ಈ ಫಾರ್ಮನ್ನು ನೂರಾರು ಜನರಿಗೆ ತುಂಬಿದ್ದಳು. ಟೇಪು ಹಿಡಿಯುವ ಬಗೆಯನ್ನು ಮತ್ತೊಮ್ಮೆ ತೋರಿಸಬೇಕೆಂದು ಹೊಸದಾಗಿ ಬಂದ ಡಾಕ್ಟರು ಕೋಮಲ ಯಾರಾದರೂ ಒಬ್ಬರಿಗೆ ಮುಂದೆ ಬರಲು ಹೇಳಿದರು. ಅಲಖನೂರಿನ ಆಶಾ ಮಾಯಾ ನಗುತ್ತ ಸುಗಂಧಾಳ ತೋಳು ಹಿಡಿದು ಎಬ್ಬಿಸಿ, ತಾನೇ ಟೇಪು ಸುತ್ತಿದಳು.

"ತೊಂಬತ್ತಾರ್ರಿ ಮೇಡಂ" ಎಂದು ಮಾಯಾ ಓದಿದಳು. ಓದಿದ ಮೇಲೆ ಅವಳ ನಗು ತುಸು ಇಳಿಯಿತು. ಹೆಂಗಸರಿಗೆ ಎಂಬತ್ತು ಸೆಂಟಿಮೀಟರಿನ ಒಳಗಿರಬೇಕೆಂದು ಅಲ್ಲಿದ್ದ ಎಲ್ಲರಿಗೂ ಬಾಯಿಪಾಠವಾಗಿತ್ತು.

ಡಾಕ್ಟರು ಸೊಂಟಕ್ಕಿಂತ ಹೆಚ್ಚಾಗಿ ಸುಗಂಧಾಳ ಕುತ್ತಿಗೆ ನೋಡುತ್ತಿದ್ದರು. ನಿಪ್ಪಾಣಿಯ ಕಡೆಯ ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. "ಅಕ್ಕಾರ, ತುಸು ಹೆರಳ ಸರಸ್ರಿ" ಎಂದರು. ಕುತ್ತಿಗೆಯ ಹಿಂಭಾಗದ ಚರ್ಮ ದಪ್ಪಗೆ, ಕರ್ರಗೆ, ಮುಟ್ಟಿದರೆ ಮಖಮಲ್ಲಿನಂತೆ ಇತ್ತು. ಅಲ್ಲಲ್ಲಿ ಸಣ್ಣ ಸಣ್ಣ ನರುಳಿ, ಚರ್ಮದ ಗಂಟು.

"ಇದು ಯಾವಾಗಿಂದ ಐತಿ?"

"ಬಿಸಲಾಗ ತಿರಗ್ತೀವಲ್ರಿ, ಅದಕ್ಕ ಕರ್ರಗಾಗೇತಿ."

"ಬಿಸಲಿಂದ ಅಲ್ರಿ. ಮುಂಜಾನೆ ಏನೂ ತಿನ್ನದ ಬಂದು ರಕ್ತ ಕೊಡ್ರಿ."

ಎರಡು ದಿನ ಬಿಟ್ಟು ವರದಿ ಬಂತು. ಖಾಲಿ ಹೊಟ್ಟೆಯ ಸಕ್ಕರೆ ನೂರಾ ಹದಿನಾಲ್ಕು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲಿ ಆರು ಪಾಯಿಂಟ್ ಎರಡು. ಸಕ್ಕರೆ ಕಾಯಿಲೆಯ ಗೆರೆ ಆರೂವರೆಗೆ. ಗೆರೆ ಮುಟ್ಟಿಲ್ಲವೆಂದು ಸುಗಂಧಾ ಉಸಿರುಬಿಡುವಷ್ಟರಲ್ಲಿ ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಅಕ್ಕಾರ, ನಾವು ಉಂಡದ್ದು ಕರಗಿ ರಕ್ತದಾಗ ಸಕ್ರಿ ಆಕ್ಕೈತಿ. ಆ ಸಕ್ರಿ ರಕ್ತದಾಗ ನಿಂತರ ಉಪಯೋಗಿಲ್ಲ, ಮೈಯಾಗಿನ ಜೀವಕೋಶದೊಳಗ ಹೋಗಬೇಕು. ಒಳಗ ಬಿಡಸಾಕ ಇನ್ಸುಲಿನ್ ಹೋಗಿ ಬಾಗಿಲ ಬಡೀತೈತಿ. ನೀವು ಸರ್ವೇಕ್ಕ ಹೋದಾಗ ಬಡಿಯೂದಿಲ್ಲ? ಹಂಗ. ಒಮ್ಮೆ ಬಡದ್ರ ಲಗೂನ ತಗೀತಾರ. ದಿನಾ ಹತ್ತ ಸಲ ಹೋಗಿ ಬಡದ್ರ ಏನ ಮಾಡ್ತಾರ?"

"ಬ್ಯಾಸರಾಗಿ, ಒಳಗ ಇದ್ದೂ ಇಲ್ಲ ಅಂತಾರ್ರಿ."

"ನಿಮ್ಮ ಮೈಯೂ ಅದನ್ನ ಮಾಡಾಕತ್ತೈತಿ. ಮುಂಜಾನಿಂದ ಸಂಜೀತನಕ ಒಂದರ ಮ್ಯಾಲ ಒಂದು ಸಿಹಿ ಚಹಾ, ಬಿಸ್ಕಿಟ, ಅನ್ನ. ಇನ್ಸುಲಿನ್ ಬಡದೂ ಬಡದೂ ಜೀವಕೋಶ ಮಾತ ಕೇಳವಲ್ದು. ಒಬ್ರು ಬಡದ್ರ ತಗೀವಲ್ರು ಅಂತ ಮೈ ಹತ್ತು ಮಂದೀನ ಕಳಸತೈತಿ. ಹಿಂಗ ಇನ್ಸುಲಿನ್ ಜಾಸ್ತಿ ಆದಾಗನ ಹೊಟ್ಟಿ ಸುತ್ತ ಬೊಜ್ಜು, ಲಗೂ ಹಸಿವು, ಉಂಡ ಕೂಡ್ಲೆ ಝೋಂಪು, ಈ ಕುತ್ತಿಗಿ ಕಪ್ಪು. ಸಕ್ರಿ ರೋಗ ಇನ್ನೂ ಬಂದಿಲ್ಲ. ಆದ್ರ ಅದು ಬರೂ ಹಾದಿ ಇದ."

ಸುಗಂಧಾಳಿಗೆ ಮುಂದಿನ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕುತ್ತಿಗೆ ಕಪ್ಪು ಎಂಬಲ್ಲಿಯೇ ಅವಳ ಜೀವ ಸಿಕ್ಕಿಕೊಂಡಿತ್ತು. ನೀಲಮಳ ಕುತ್ತಿಗೆಯೂ ಕಪ್ಪೇ. ಹುಡುಗಿ ಶಾಲೆಯ ಎಂಟನೇ ಇಯತ್ತೆಯಲ್ಲಿದ್ದಾಗಿನಿಂದ ಸುಗಂಧಾ ಅವಳನ್ನು ಬಚ್ಚಲಿನಲ್ಲಿ ಕೂರಿಸಿ, ಕಡಲೆಹಿಟ್ಟು ಲಿಂಬೆಹಣ್ಣು ಹಚ್ಚಿ, ಒಗೆಯುವ ಬ್ರಶ್ಶಿನಿಂದ ತಿಕ್ಕಿದ್ದಳು. ರಕ್ತ ಜಿನುಗಿದ ದಿನವೂ ಉಂಟು. ನಾಲ್ಕು ಮಂದಿಯ ಮುಂದೆ, "ಆರೋಗ್ಯ ಇಲಾಖೆದಾಕಿ ಮಗಳ ಕುತ್ತಿಗಿ ನೋಡ್ರಿ, ಹೊಲಸ" ಎಂದದ್ದೂ ಉಂಟು. ಈಗ ನೀಲಮ ಬಿಸಿಲೇ ಇರಲಿ, ಸೆಖೆಯೇ ಇರಲಿ, ಕುತ್ತಿಗೆಗೆ ಓಢಣಿ ಸುತ್ತದೆ ಕಾಲೇಜಿಗೆ ಹೋಗುತ್ತಿರಲಿಲ್ಲ.

ಸಂಜೆ ಮಗಳು ಬಸ್ಸಿಳಿದು ಬಂದಾಗ ಸುಗಂಧಾ ಎಲ್ಲ ಹೇಳಿದಳು. ಹೇಳುವುದು ಸುಲಭವಾಗಲಿಲ್ಲ. ನೀಲಮ ನಿಂತುಕೊಂಡೇ ಕೇಳಿದಳು.

"ಅಂದ್ರ ಅದು ಹೊಲಸ ಅಲ್ಲ?"

"ಅಲ್ಲ."

"ನಾಕ ವರ್ಷ ತಿಕ್ಕಿದಿ, ಮಮ್ಮಿ."

"ನನಗ ಗೊತ್ತಿದ್ದಿಲ್ಲ ಬೇ."

"ನೀ ಊರಿಗೆಲ್ಲಾ ಹೇಳಾಕಿ. ನಿನಗ ಗೊತ್ತಿದ್ದಿಲ್ಲ?"

ಹುಡುಗಿ ಒಳಗೆ ಹೋಗಿ ಕದ ಹಾಕಿಕೊಂಡಳು. ಎರಡು ದಿನ ತಾಯಿಯೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ತಾನಾಗಿಯೇ ಬಂದು, ಒಲೆಯ ಕಡೆ ನೋಡುತ್ತ, ನಾಲ್ಕು ತಿಂಗಳಿಂದ ತನಗೆ ಮುಟ್ಟಾಗಿಲ್ಲವೆಂದು ಹೇಳಿದಳು. ಊರಿನ ಹೆಣ್ಣುಮಕ್ಕಳ ಮುಟ್ಟಿನ ದಿನಾಂಕ ಬರೆದುಕೊಳ್ಳುವ ಸುಗಂಧಾ ತನ್ನ ಮಗಳದನ್ನು ಕೇಳಿರಲೇ ಇಲ್ಲ. ತಾಲೂಕಾ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಅಂಡಾಶಯದಲ್ಲಿ ಸಣ್ಣ ಸಣ್ಣ ನೀರಗುಳ್ಳೆಗಳಿವೆ, ಹೆದರುವಂಥದ್ದಲ್ಲ, ಅದಕ್ಕೂ ಬೇರು ಬಹುಪಾಲು ಇದೇ ಇನ್ಸುಲಿನ್ ತಕರಾರು ಎಂದು ಕೋಮಲ ಡಾಕ್ಟರು ವಿವರಿಸಿದರು. ಇಬ್ಬರಿಗೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಸಿಹಿ ಚಹಾ ನಿಲ್ಲಿಸಬೇಕು. ಎರಡು ಊಟದ ನಡುವೆ ಬಾಯಾಡಿಸಬಾರದು. ತಾಟಿನ ಅರ್ಧ ಪಲ್ಯ, ಕಾಳು, ತತ್ತಿ ಇರಬೇಕು. ಸಂಜೆ ಬೇಗ ಉಣ್ಣಬೇಕು, ಉಂಡು ಕಾಲು ತಾಸು ನಡೆಯಬೇಕು, ನಿದ್ದೆ ಕೆಡಿಸಬಾರದು. ಮೂರ್ನಾಲ್ಕು ತಿಂಗಳು ಹೀಗೆ ಮಾಡಿ ನೋಡಿ, ಆಮೇಲೆ ಗುಳಿಗೆಯ ವಿಚಾರ.

"ಜ್ವಾಳದ ರೊಟ್ಟಿ ಒಳ್ಳೇದಲ್ರಿ ಮೇಡಂ?" ಎಂದು ಸುಗಂಧಾ ಕೇಳಿದ್ದಳು.

"ಒಳ್ಳೇದ. ಆದ್ರ ಒಳ್ಳೇದಂತ ನಾಕ ತಿಂದ ಮ್ಯಾಲ ಅನ್ನಾನೂ ಉಂಡ್ರ?"

"ಮತ್ತ ನಾ ದಿನಾ ನಡೀತೀನಲ್ರಿ."

"ನಾಕ ಹೆಜ್ಜಿ ನಡದು ಒಂದ ಮನ್ಯಾಗ ಕುಂಡ್ರತೀರಿ, ಚಹಾ ಕುಡೀತೀರಿ. ಅದು ನಡಗಿ ಅಲ್ರಿ ಅಕ್ಕಾರ."

ಮನೆಯಲ್ಲಿ ಬದಲಾವಣೆ ತರುವುದು ಸುಗಂಧಾ ಎಣಿಸಿದಷ್ಟು ಕಷ್ಟವಾಗಲಿಲ್ಲ, ಆದರೆ ಬೇಸರದ ಕೆಲಸವಾಗಿತ್ತು. ರಾತ್ರಿಯೇ ಮಡಿಕೆಕಾಳು, ಹೆಸರುಕಾಳು ನೆನೆಹಾಕಬೇಕು. ಮೆಂತೆಪಲ್ಯ ಸೋಸಬೇಕು. ರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿಯಿತು. ಅನ್ನ ವಾರಕ್ಕೆರಡು ದಿನ, ಅದೂ ಒಂದು ಸೌಟು. ಮೊದಲು ಸೌತೆಕಾಯಿ, ಮೂಲಂಗಿ, ಪಲ್ಯ ತಿಂದು ಆಮೇಲೆ ರೊಟ್ಟಿಗೆ ಕೈ ಹಾಕುವ ರೂಢಿ ಮಾಡಿಕೊಂಡರು. ರಾವಸಾಹೇಬ ಮೊದಲು ಗೊಣಗಿದ. "ನಾ ಏನ ಪಾಪ ಮಾಡೀನಿ? ನನಗರ ಅನ್ನ ಹಾಕ." ಅವನಿಗೆ ಹಾಕಿದಳು. ಮೂವರಿಗೆ ಎರಡು ಬಗೆಯ ಅಡಿಗೆ ಮಾಡಿ, ಚೀಲ ಹೆಗಲಿಗೇರಿಸಿ ಹೊರಡುವಷ್ಟರಲ್ಲಿ ಅವಳಿಗೆ ಒಂದು ದಿನದ ಕೆಲಸ ಮುಗಿದಂತಾಗುತ್ತಿತ್ತು. ಮೊದಲ ವಾರ ತಲೆನೋವು, ಸಿಡುಕು, ಹನ್ನೊಂದು ಗಂಟೆಗೆ ಕೈ ನಡುಕ. ಶೇಂಗಾ ಹತ್ತು ಕಾಳು ಬಾಯಿಗೆ ಹಾಕಿಕೊಂಡು ತಡೆದುಕೊಂಡಳು.

ಕಷ್ಟವಾದದ್ದು ಮನೆಯ ಹೊರಗೆ. ಅನೇಕ ಮನೆಗಳಲ್ಲಿ ಏನೋ ನೆಪ ಹೇಳಿದಳು. ಪಿತ್ತ ಅಂದಳು, ಈಗ ತಾನೆ ಕುಡಿದೆ ಅಂದಳು. ಕಸ್ತೂರೆವ್ವನ ಮನೆಗೆ ಹೋದ ದಿನ ನೆಪ ಬಾಯಿಗೆ ಬರಲಿಲ್ಲ. ಆ ಮನೆಯ ಸೊಸೆ ರೂಪಾಲಿ ಬಸುರಿಯಾಗಿದ್ದಳು, ಮೊದಲ ಗರ್ಭ. ಬಸುರಿಯರಿಗೆ ಕೊಡುವ ‘ತಾಯಿ ಕಾರ್ಡು’ ತುಂಬಿ ಮುಗಿಸುವಷ್ಟರಲ್ಲಿ ಕಸ್ತೂರೆವ್ವ ತಾನೇ ಚಹಾ ತಂದಳು.

"ಬ್ಯಾಡ್ರಿ ಅವ್ವಾರ" ಎಂದಳು ಸುಗಂಧಾ. "ಬಿಟ್ಟೀನ್ರಿ."

ಕಸ್ತೂರೆವ್ವ ಕಪ್ಪು-ಬಶಿ ಹಿಡಿದುಕೊಂಡೇ ನಿಂತಳು. "ಬಿಟ್ಟೀ ಅಂದ್ರ? ಯಾಕ, ನಮ್ಮನಿ ಚಹಾ ಸೇರವಲ್ತೇನು?"

"ಹಂಗಲ್ರಿ, ಡಾಕ್ಟರು..."

"ಇರ್ಲಿ ಬಿಡ" ಎಂದು ಕಸ್ತೂರೆವ್ವ ಕಪ್ಪನ್ನು ಹಾಗೆಯೇ ಒಳಗೆ ಒಯ್ದಳು. ಮಾತು ಅಲ್ಲಿಗೆ ಮುಗಿಯಿತು.

ಹದಿನೈದು ದಿನದ ಮೇಲೆ ಕಬ್ಬಿಣಾಂಶದ ಗುಳಿಗೆ ಕೊಡಲು ಮತ್ತೆ ಹೋದಳು. ಕುರ್ಚಿ ಅಲ್ಲೇ ಇತ್ತು. ಕಸ್ತೂರೆವ್ವ ಹೊರಗೆ ಬರಲಿಲ್ಲ. ಕೆಲಸದ ಹೆಂಗಸು ಒಂದು ಕಾಗದದ ಕಪ್ಪಿನಲ್ಲಿ ಚಹಾ ತಂದು ಸ್ಟೂಲಿನ ಮೇಲಿಟ್ಟು ಹೋದಳು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಡುವಂಥ, ಕುಡಿದು ಎಸೆಯುವ ಕಪ್ಪು.

ಸುಗಂಧಾ ಅದನ್ನು ನೋಡುತ್ತ ಕುಳಿತಳು. ಊರಲ್ಲಿ ಈಗ ಎಲ್ಲರ ಮನೆಯಲ್ಲೂ ಇಂಥ ಕಪ್ಪುಗಳಿವೆ. ನೆಂಟರು ಬಂದರೆ ಅದರಲ್ಲೇ ಕೊಡುತ್ತಾರೆ, ತೊಳೆಯುವ ತಾಪತ್ರಯವಿಲ್ಲ. ಅಷ್ಟೇ ಇರಬಹುದು. ಅಷ್ಟೇ ಅಲ್ಲದೆಯೂ ಇರಬಹುದು. ಕೇಳುವ ಹಾಗಿಲ್ಲ. ಕಪ್ಪು ಎತ್ತಿ, ತುಟಿ ಅಂಟುವ ಆ ಚಹಾವನ್ನು ಒಂದು ಹನಿ ಬಿಡದೆ ಕುಡಿದು, ಖಾಲಿ ಕಪ್ಪನ್ನು ತನ್ನ ಚೀಲದಲ್ಲೇ ಹಾಕಿಕೊಂಡು ಎದ್ದಳು. ಯಾಕೆ ಕುಡಿದೆನೆಂದು ಅವಳಿಗೇ ತಿಳಿಯಲಿಲ್ಲ.

ಅಲ್ಲಿಂದ ಅವಳ ಕಟ್ಟು ಸಡಿಲವಾಯಿತು. ಆಶಾಬಾಯಿಗೆ ಈಗ ಸೊಕ್ಕು ಬಂದೈತಿ, ಮಂದಿ ಮನೆಯ ಚಹಾ ಒಲ್ಲೆ ಅಂತಾಳ ಎಂದು ಯಾರೋ ಅಂದದ್ದನ್ನು ಇನ್ಯಾರೋ ಬಂದು ಹೇಳಿದರು. ಆಗಸ್ಟಿನಲ್ಲಿ ಪಂಚಮಿ ಬಂತು. ಪಂಚಮಿಯೆಂದರೆ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಅಳ್ಳಿಟ್ಟು. ಹೋದ ಮನೆಯಲ್ಲೆಲ್ಲ ಕೈಗೆ ಎರಡು ಇಟ್ಟರು. ಕಟ್ಟಿಕೊಂಡು ಬರುವುದಕ್ಕೆ ಮನಸ್ಸು ಬಾರದೆ, ಅವರೆದುರೇ ತಿಂದಳು. ತಿನ್ನತೊಡಗಿದ ಮೇಲೆ ನಾಲಗೆಗೆ ಹಳೆಯ ರುಚಿ ಹತ್ತಿತು. ಒಂದು ಮಧ್ಯಾಹ್ನ ನೀಲಮ ಕಾಲೇಜಿನಿಂದ ಬೇಗ ಬಂದಾಗ, ತಾಯಿ ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಡಬ್ಬಿಯಿಂದ ಉಂಡಿ ತಿನ್ನುತ್ತಿದ್ದಳು.

ನೀಲಮ ಬೈಯಲಿಲ್ಲ. ಎದುರಿಗೆ ಕುಳಿತಳು. "ಮಮ್ಮಿ, ನಾ ಒಬ್ಬಾಕೀನ ಮಾಡಾಕ ಆಗೂದಿಲ್ಲ" ಎಂದಳು. "ನನಗೂ ಕಾಲೇಜ ಕ್ಯಾಂಟೀನದಾಗ ಎಲ್ಲಾರೂ ನಗ್ತಾರ. ಡಬ್ಬ್ಯಾಗ ಕಾಳ ತಂದಾಳ ಅಂತಾರ."

ಸುಗಂಧಾ ಕೈಯಲ್ಲಿದ್ದ ಅರ್ಧ ಉಂಡಿಯನ್ನು ತಿರುಗಿ ಡಬ್ಬಿಯಲ್ಲಿಟ್ಟಳು. ಅಳು ಬರಲಿಲ್ಲ. ಅಳಲಿಕ್ಕೂ ತ್ರಾಣ ಬೇಕು. ಡಬ್ಬಿಯನ್ನು ಎತ್ತಿ ನೆರೆಮನೆಗೆ ಕೊಟ್ಟು ಬಂದಳು. ಮರುದಿನದಿಂದ ಅವಳು ಮಗಳಿಗಾಗಿ ಸಿಹಿ ಬಿಟ್ಟಳು, ಮಗಳು ಅವಳಿಗಾಗಿ ಬಿಟ್ಟಳು. ಸಂಜೆ ಏಳಕ್ಕೆ ಉಂಡು, ಇಬ್ಬರೂ ಹೊಳೆಯ ದಾರಿಯಲ್ಲಿ ನಡೆದು ಬರುತ್ತಿದ್ದರು. ಬೆಳಿಗ್ಗೆ ಹದಿನೈದು ಸಲ ಕುರ್ಚಿಯಿಂದ ಏಳುವುದು, ಕೂರುವುದು. ಆಮೇಲೆ ತುಂಬಿದ ಕೊಡ ಎರಡೂ ಕೈಯಲ್ಲಿ ಎತ್ತಿ ಇಳಿಸುವುದು. ಮೈಯ ಸ್ನಾಯು ದುಡಿದರೆ ಸಕ್ಕರೆಗೆ ಬಾಗಿಲು ತಾನೇ ತೆಗೆಯುತ್ತದೆಂದು ಡಾಕ್ಟರು ಹೇಳಿದ್ದರು. ಮೊಣಕಾಲು ಕಟಕಟ ಎನ್ನುತ್ತಿತ್ತು. ಎಣಿಕೆ ತಪ್ಪಿದರೆ ನೀಲಮ ಮತ್ತೆ ಒಂದರಿಂದ ಎಣಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ರೂಪಾಲಿಗೆ ಆರನೆಯ ತಿಂಗಳು. ಎಲ್ಲ ಬಸುರಿಯರಿಗೂ ಮಾಡುವಂತೆ ಗ್ಲುಕೋಸಿನ ನೀರು ಕುಡಿಸಿ, ಎರಡು ತಾಸಿನ ಮೇಲೆ ರಕ್ತ ನೋಡಿದರು. ನೂರಾ ಐವತ್ತೆಂಟು. ನೂರಾ ನಲವತ್ತು ದಾಟಬಾರದಿತ್ತು. ಬಸಿರಿನಲ್ಲಿ ಬರುವ ಸಕ್ಕರೆ, ಊಟದಿಂದಲೇ ಬಹುಶಃ ಹಿಡಿತಕ್ಕೆ ಬರುತ್ತದೆ, ಆದರೆ ಮನೆಯಲ್ಲಿ ತಿಳಿಸಿ ಹೇಳಬೇಕು ಎಂದು ಡಾಕ್ಟರು ಸುಗಂಧಾಳಿಗೆ ಒಪ್ಪಿಸಿದರು. ಹೇಳಬೇಕಾದದ್ದು ಕಸ್ತೂರೆವ್ವನಿಗೆ.

ಅವಳು ಹೋದಾಗ ಪಡಸಾಲೆಯಲ್ಲಿ ರೂಪಾಲಿಯ ಮುಂದೆ ಒಂದು ತಾಟು ಇತ್ತು. ತುಪ್ಪ ಸುರಿದ ಹೋಳಿಗೆ, ಪಕ್ಕದಲ್ಲಿ ಅಂಟಿನ ಉಂಡಿ. ಬಸುರಿಯ ಬಯಕೆಗೆಂದು ಅತ್ತೆಯೇ ಕೂತು ತಿನ್ನಿಸುತ್ತಿದ್ದಳು. ಸುಗಂಧಾ ವರದಿ ತೋರಿಸಿ, ಆದಷ್ಟು ಮೆತ್ತಗೆ ಹೇಳಿದಳು. ಸಿಹಿ ನಿಲ್ಲಿಸಬೇಕು. ಎರಡು ಜೀವಕ್ಕೆ ಎರಡು ಪಾಲು ಅನ್ನ ಬೇಡ. ಕಾಳು, ಪಲ್ಯ, ಮೊಸರು, ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ. ಊಟವಾದ ಮೇಲೆ ಅಂಗಳದಲ್ಲಿ ನಡೆಯಬೇಕು.

ಕಸ್ತೂರೆವ್ವನ ಮುಖ ಕೆಂಪಾಯಿತು. "ನಿನಗೂ ಸಕ್ರಿ ಬ್ಯಾಡ, ಈಕೀಗೂ ಬ್ಯಾಡ. ನಮ್ಮ ಹೊಲದಾಗಿನ ಕಬ್ಬ ಈಗ ವಿಷಾತೇನ ಬೇ? ನಮ್ಮನಿ ಚಹಾ ಒಲ್ಲೆ ಅಂದಿ, ಸುಮ್ಮನಿದ್ದೆ. ಈಗ ನನ್ನ ಮೊಮ್ಮಗನ ಬಾಯಾಗಿನ ತುತ್ತಿಗೂ ಬಂದಿ."

ಬೇರೆ ದಿನವಾಗಿದ್ದರೆ ಸುಗಂಧಾ ಏನೋ ಹೇಳಿ, ನಕ್ಕು, ಸಾಗಹಾಕುತ್ತಿದ್ದಳು. ಅಂದು ಬೆಳಿಗ್ಗೆಯಿಂದ ಹತ್ತೊಂಬತ್ತು ಮನೆ ತಿರುಗಿದ್ದಳು. ಸಾಗಹಾಕುವಷ್ಟು ಶಕ್ತಿ ಉಳಿದಿರಲಿಲ್ಲ. ಕುರ್ಚಿಯಲ್ಲಿ ಕೂತಳು. ಹೆರಳು ಮುಂದಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ, ಕುತ್ತಿಗೆ ತೋರಿಸಿದಳು.

"ನೋಡ್ರಿ ಅವ್ವಾರ. ಇದು ಹೊಲಸಲ್ಲ. ಒಳಗ ಜಡ್ಡ ಐತಿ, ಅದರ ಗುರುತಿದು. ನನ್ನ ಮಗಳಿಗೂ ಐತಿ. ದಿನಾ ಹತ್ತ ಚಹಾ ಕುಡದೇನಿ, ಹದಿಮೂರ ವರ್ಷ. ಯಾಕ ಒಲ್ಲೆ ಅನಲಿಲ್ಲ, ನಿಮಗ ಗೊತ್ತಿಲ್ಲೇನ್ರಿ? ನಮ್ಮ ಅತ್ತಿ ನಿಮ್ಮ ದನದ ಕೊಟಗ್ಯಾಗ ಕುಡೀತಿದ್ಲು. ನೀವು ನನಗ ಒಳಗ ಕರದು ಕಪ್ಪ ಬಶ್ಯಾಗ ಕೊಟ್ರಿ. ಒಲ್ಲೆ ಅಂತ ಹ್ಯಾಂಗ ಅನ್ನಲ್ರಿ?"

ರೂಪಾಲಿ ತಾಟನ್ನು ಮೆಲ್ಲಗೆ ಅತ್ತ ಸರಿಸಿದಳು. ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತ ಭಾಂಡೆ ತಿಕ್ಕಾಕಿ ತಡಮಾಡಿ ಬಂದಿದ್ಲು" ಎಂದಳು. "ಅದಕ್ಕ ಆ ಕಾಗದದ ಕಪ್ಪು."

ನಿಜವಿರಬಹುದು. ಆದರೆ ಅಂದು ಚಹಾ ತಂದಿಟ್ಟವಳು ಪಾತ್ರೆ ತಿಕ್ಕುವ ಆ ಹೆಂಗಸೇ ಆಗಿದ್ದಳೆಂದು ಸುಗಂಧಾಳಿಗೆ ನೆನಪಾಯಿತು. ಅದನ್ನು ಎತ್ತಿ ಆಡಲು ಮನಸ್ಸಾಗಲಿಲ್ಲ. ಸುಳ್ಳಾದರೂ, ಸುಳ್ಳು ಹೇಳಬೇಕೆನಿಸಿತಲ್ಲ ಆ ಮುದುಕಿಗೆ, ಅಷ್ಟು ಸಾಕೆನಿಸಿತು.

"ಮತ್ತ ಏನ ಕುಡೀತಿ? ಹಂಗ ಕಳಸಾಕ ಆಗೂದಿಲ್ಲ" ಎಂದಳು ಕಸ್ತೂರೆವ್ವ.

"ಮಜ್ಜಿಗಿ ಇದ್ರ ಕೊಡ್ರಿ. ಉಪ್ಪ ಹಾಕಿ."

ಕಸ್ತೂರೆವ್ವ ಒಳಗಿನಿಂದ ಸ್ಟೀಲಿನ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದಳು. ಕೊಡುವಾಗ ಕೇಳಿದಳು: "ರೂಪಾಲಿಗೂ ಇದ ಕೊಡ್ಲೇನು?"

ಊರೆಲ್ಲ ಒಮ್ಮೆಗೇ ಬದಲಾಗಲಿಲ್ಲ. ಕಸ್ತೂರೆವ್ವನ ಮನೆಯಲ್ಲೇ ಮಜ್ಜಿಗೆ ಕುಡಿಯುತ್ತಾಳೆಂದ ಮೇಲೆ ಕೆಲವು ಮನೆಯವರು ಬಿಸಿನೀರು, ಮಜ್ಜಿಗೆ ಕೊಡತೊಡಗಿದರು. ಕೆಲವರು ಮುನಿಸಿಕೊಂಡೇ ಉಳಿದರು. ಇನ್ನು ಕೆಲವರು, ಬೇಡವೆಂದರೂ ಚಹಾ ತಂದಿಟ್ಟು, ಆರುವ ತನಕ ನೋಡಿ, ಒಳಗೆ ಒಯ್ಯುತ್ತಿದ್ದರು. ದೀಪಾವಳಿಯಲ್ಲಿ ಸುಗಂಧಾ ಎರಡು ಕರ್ಜಿಕಾಯಿ ತಿಂದಳು. ಕಾರ್ಖಾನೆಯ ಹಂಗಾಮು ಶುರುವಾಗಿ ರಾವಸಾಹೇಬನ ಪಾಳಿ ಬದಲಾದಾಗ ಸಂಜೆಯ ಊಟದ ಹೊತ್ತು ಕೆಟ್ಟಿತು. ಹೆರಿಗೆಗೆ ಹೋದ ರಾತ್ರಿಗಳ ನಿದ್ದೆ ಯಾರೂ ತಿರುಗಿ ಕೊಡಲಿಲ್ಲ. ಅಂಥ ದಿನದ ಮರುದಿನ ಹಸಿವು ಹುಚ್ಚಿನಂತೆ ಏರುತ್ತಿತ್ತು. ಬಿಟ್ಟುಹೋದ ದಿನಗಳನ್ನು ಲೆಕ್ಕಿಸದೆ ಮತ್ತೆ ಹಿಡಿಯುವುದನ್ನು ಅವಳು ಕಲಿತಳು.

ನವೆಂಬರಿನ ಒಂದು ಬೆಳಿಗ್ಗೆ ನೀಲಮ ತಾಯಿಯ ಚೀಲದಲ್ಲಿ ಕೈಹಾಕಿ, ಶಾಲೆಯ ಹುಡುಗಿಯರಿಗೆ ಹಂಚಲು ತಂದಿದ್ದ ಪ್ಯಾಡಿನ ಪೊಟ್ಟಣ ತೆಗೆದುಕೊಂಡು ಬಚ್ಚಲಿಗೆ ಹೋದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಸುಗಂಧಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಗುವ ತನಕ ಹಾಗೆಯೇ ಕುಳಿತಿದ್ದಳು.

ರೂಪಾಲಿಗೆ ಗುಳಿಗೆ, ಸೂಜಿ ಬೇಕಾಗಲಿಲ್ಲ. ಡಿಸೆಂಬರ್ ಕೊನೆಗೆ ರಾಯಬಾಗದಲ್ಲಿ ಹೆಣ್ಣುಕೂಸು ಹುಟ್ಟಿತು, ಎರಡು ಕಿಲೋ ಒಂಬೈನೂರು ಗ್ರಾಂ. ಮೊಮ್ಮಗನೆಂದು ಕಾದಿದ್ದ ಕಸ್ತೂರೆವ್ವ ಕೂಸನ್ನು ಸುಗಂಧಾಳ ಕೈಯಲ್ಲಿಟ್ಟು, "ತೂಕ ಸರಿ ಐತಿಲ್ಲ?" ಎಂದು ಕೇಳಿದಳು. ಸರಿ ಇತ್ತು. ರೂಪಾಲಿಯೂ, ಬೆಳೆದ ಮೇಲೆ ಕೂಸೂ, ಸಕ್ಕರೆ ಪರೀಕ್ಷೆ ಬಿಡಬಾರದೆಂದು ಸುಗಂಧಾ ಆಗಲೇ ಹೇಳಿಟ್ಟಳು.

ಜನವರಿಯಲ್ಲಿ ಸುಗಂಧಾಳ ರಕ್ತ ಮತ್ತೆ ನೋಡಿದರು. ಆರು ಪಾಯಿಂಟ್ ಎರಡು ಇದ್ದದ್ದು ಐದು ಪಾಯಿಂಟ್ ಎಂಟಕ್ಕೆ ಬಂದಿತ್ತು. ಸೊಂಟ ಎಂಬತ್ತೊಂಬತ್ತು. ಕುತ್ತಿಗೆಯ ಕಪ್ಪು ಹೋಗಿರಲಿಲ್ಲ, ತುಸು ತೆಳುವಾಗಿತ್ತು.

"ಇನ್ನ ಬಿಡಬಹುದೇನ್ರಿ ಮೇಡಂ?" ಎಂದು ಸುಗಂಧಾ ಕೇಳಿದಳು.

ಕೋಮಲ ಡಾಕ್ಟರು ತಲೆಯಲ್ಲಾಡಿಸಿದರು. "ಇದು ಮುಗಿಯೂ ಕೆಲಸ ಅಲ್ರಿ ಅಕ್ಕಾರ. ಬಿಟ್ಟರ ತಿರುಗಿ ಬರತೈತಿ. ಹಿಂಗ ನಡಸ್ಕೊಂಡ ಹೋಗೂದು."

ಮುಗಿಯದ ಕೆಲಸ ಅವಳಿಗೆ ಹೊಸದಲ್ಲ. ಅಂದು ಸಂಜೆಯೂ ಏಳಕ್ಕೆ ಉಂಡು ತಾಯಿ ಮಗಳು ಹೊಳೆಯ ದಾರಿ ಹಿಡಿದರು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು, ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೋಗುತ್ತಿದ್ದವು. ದೂಳು ಏಳುತ್ತಿತ್ತು. ರಾವಸಾಹೇಬನಿಗೆ ಅಂದು ಹಗಲುಪಾಳಿ; ಅವನೂ ಬಂದಿದ್ದ. ಗೊಣಗುತ್ತಲೇ ಬಂದಿದ್ದ. ಹೊಳೆದಂಡೆಯ ಏರು ಬಂದಾಗ ಸುಗಂಧಾ ಒಂದು ಕಲ್ಲಿನ ಮೇಲೆ ಕುಳಿತಳು. ಮೊಣಕಾಲು ನೋಯುತ್ತಿತ್ತು. ಈ ದಣಿವು ನಡೆದದ್ದರಿಂದ ಬಂದ ದಣಿವು. ಉಂಡು ಕುಳಿತಲ್ಲೇ ಮೇಲೆ ಬಂದು ಬೀಳುತ್ತಿದ್ದ ಆ ಝೋಂಪು ಈಗ ವಾರಕ್ಕೊಮ್ಮೆಯೂ ಇರಲಿಲ್ಲ.

"ಏಳ ಮಮ್ಮಿ, ಇನ್ನೂ ಎಂಟ ಮಿನಿಟ ಅದಾವ" ಎಂದಳು ನೀಲಮ, ಮೊಬೈಲು ನೋಡುತ್ತ.

"ನಾಳೆ ಪೋಲಿಯೋ ಐತಿ ಬೇ. ಐದಕ್ಕ ಏಳಬೇಕು ನಾ."

"ಎಂಟ ಮಿನಿಟ."

ರಾವಸಾಹೇಬ ಕೈ ನೀಡಿದ. ಸುಗಂಧಾ ಆ ಕೈ ಹಿಡಿದು, ಅವ್ವಾ ಎಂದು ಒಮ್ಮೆ ನರಳಿ, ಎದ್ದು ನಡೆದಳು.